ಕೊಕ್ಕರೆ ಬಾಯಿಯ ತೆನೆ

ನನ್ನ ಕಚೇರಿ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಟೀ ಶರ್ಟು ಮಲಗಿದೆ. ಕಡುನೀಲಿ ಬಣ್ಣ, ತುಂಬು ಮೈಯವರಿಗೆ ಆಗುವ ಸೈಜು, ಎದೆಯ ಮೇಲೆ ಒಂದು ಕೊಕ್ಕರೆ. ಅದನ್ನು ಹಳೆಯ ತಮಿಳು ಪೇಪರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡು ಹಾಕಿಟ್ಟಿದ್ದೇನೆ. ‘ನನಗೊಂದು ಎತ್ತಿಡು’ ಎಂದು ಕಿವಿಯಲ್ಲಿ ಹೇಳಿ ಹೋದವರು ಇನ್ನೂ ಬಂದಿಲ್ಲ. ಬರುತ್ತಾರೆಂಬ ನಂಬಿಕೆಯೂ ನನಗಿಲ್ಲ. ಡ್ರಾಯರು ಎಳೆದಾಗಲೆಲ್ಲ ಮೊದಲು ನಗು ಬರುತ್ತದೆ. ಅದರ ಹಿಂದೆಯೇ ಆಗಿನ ಗಾಬರಿ ಒಮ್ಮೆ ಎದ್ದು ಕೂತು, ನನ್ನನ್ನು ನೋಡಿ, ಮತ್ತೆ ಮಲಗುತ್ತದೆ.

ಸುಲಭಕ್ಕೆ ಗಾಬರಿಯಾಗುವ ಆಸಾಮಿ ನಾನಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳ ಹಿಂಬಾಗಿಲಲ್ಲಿ ಬಿಸಾಡಿದ ಬಟ್ಟೆ ತುಂಡುಗಳನ್ನು ಮೂಟೆ ಕಟ್ಟಿ ಮಾರುವುದರಿಂದ ಶುರುಮಾಡಿ, ಈಗ ಅವಿನಾಶಿ ರಸ್ತೆಯಲ್ಲಿ ನನ್ನದೇ ಹೊಲಿಗೆಯ ಶೆಡ್ಡು, ಅದರ ಪಕ್ಕಕ್ಕೆ ಪ್ರಿಂಟಿಂಗ್ ಟೇಬಲ್ಲು ಎಂದು ಬೆಳೆಸಿಕೊಂಡವನು. ಈ ಹಾದಿಯಲ್ಲಿ ನನಗಿದ್ದ ಬಂಡವಾಳ ನನ್ನ ಮುಖ ಒಂದೇ. ಅದರ ಮೇಲೆ ಯಾರಿಗೂ ಏನೂ ಓದಲು ಸಿಗುವುದಿಲ್ಲ. ನೀವೂ ಕೇಳಿಕೊಳ್ಳಿ: ಬಟ್ಟೆ ಕೊಳ್ಳಲು ಹೋದಾಗ ಮೊದಲು ಅದನ್ನು ತಿರುವಿ ಒಳಹೊಲಿಗೆ ನೋಡಬೇಕು. ಬೆಲೆ ಕೇಳುವುದು ಆಮೇಲೆ. ಕೇಳಿದ ಮೇಲೆ ಅವನು ಏನೇ ಹೇಳಲಿ, ಬಸ್ಸಿಗೆ ಕಾಯುತ್ತಿರುವವನ ಮುಖ ಇಟ್ಟುಕೊಳ್ಳಬೇಕು. ಅಷ್ಟು ಮಾಡಿದರೆ ಉಳಿದದ್ದು ತಾನಾಗಿ ಇಳಿಯುತ್ತದೆ.

ಕನ್ನಡ ಓದಲು ಕಲಿತದ್ದೂ ವ್ಯಾಪಾರಕ್ಕಾಗಿಯೇ. ಕೊಯಮತ್ತೂರು ಕಡೆಯ ನೆಗಮಂ ಎಂಬ ಊರಿನ ನೇಕಾರರ ಮನೆ ನಮ್ಮದು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬಾಯಲ್ಲಿರುವ ಭಾಷೆಗೆ ಅಕ್ಷರವೂ ಉಂಟೆಂಬುದು ನಮ್ಮಲ್ಲಿ ಬಹಳ ಜನರಿಗೆ ಬೇಕಾಗಿಯೇ ಇಲ್ಲ. ಬನಿಯನ್ ಮೂಟೆ ಹೊತ್ತು ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗ ಅಂಗಡಿಯ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬೋರ್ಡು ಓದಲಾಗದವನಿಗೆ ಹೆಚ್ಚು ಬೆಲೆ ಹೇಳುತ್ತಾರೆ ಎಂಬುದು ಮೊದಲ ದಿನವೇ ತಿಳಿದಿತ್ತು. ಹಾಗೆ ಕಲಿತ ಅಕ್ಷರ ಈಗ ಇದನ್ನು ಬರೆಯಲು ಬಂತು. ಯಾವುದನ್ನೂ ದಂಡವೆಂದು ಬಿಡಬೇಡಿ.

ಇರಲಿ, ಬಿಯರಿನ ವಿಷಯಕ್ಕೆ ಬರುತ್ತೇನೆ.

ದೇಶದಲ್ಲೆಲ್ಲ ಸಿಗುವ ಒಂದು ಬಿಯರು ಇದೆ. ಅದರ ಇಂಗ್ಲಿಷ್ ಹೆಸರು ಇಲ್ಲಿ ಬೇಡ. ಬಾಟಲಿಯ ಮೇಲೆ ಕೊಕ್ಕರೆ, ತಮಿಳಿನಲ್ಲಿ ಕೊಕ್ಕು, ಇರುವುದರಿಂದ ನಮ್ಮ ಕಡೆಯ ಸರ್ಕಾರಿ ಮದ್ಯದಂಗಡಿಯ ಕಿಂಡಿಯಲ್ಲಿ ಕೈಯಿಟ್ಟು ‘ಒಂದು ಕೊಕ್ಕು’ ಎಂದರೆ ಸಾಕು, ಅದೇ ಬರುತ್ತದಂತೆ. ‘ಅಂತೆ’ ಎಂದದ್ದನ್ನು ನಂಬಿ. ನಾನು ಮುಟ್ಟಿದವನಲ್ಲ. ನಮ್ಮ ಮನೆಯಲ್ಲಿ ಅದರ ವಾಸನೆ ಬಂದರೂ ಕುಲದೇವತೆ ಚೌಡಮ್ಮನ ದೀಪಕ್ಕೆ ಎಣ್ಣೆ ಹಾಕುವ ಕೈ ಮೈಲಿಗೆಯಾಗುತ್ತದೆ ಎಂದು ನಮ್ಮನ್ನು ಬೆಳೆಸಿದ್ದರು.

ಆ ಕಂಪನಿ ತನ್ನ ಹಳೆಯ ಕಾಲವನ್ನು ನೆನಪಿಸಿಕೊಳ್ಳಲು ಟೀ ಶರ್ಟು ಹಾಕಿಸುವುದೆಂದು ಹೊರಟಿತ್ತು. ಕೆಲಸ ಹಿಡಿದದ್ದು ಕೊಯಮತ್ತೂರಿನ ಶರವಣಂಪಟ್ಟಿಯ ಒಂದು ಜಾಹೀರಾತು ಕಚೇರಿ. ಅಲ್ಲಿಂದ ನನ್ನ ಶೆಡ್ಡಿಗೆ ಬಂದ ಹುಡುಗಿ ಜೆನಿಟಾ. ಮಂಗಳೂರಿನವಳು, ಬಂದು ವರ್ಷ ತುಂಬಿರಲಿಲ್ಲ. ನಾನು ಕಟಿಂಗ್ ಮಾಸ್ಟರಿಗೆ ತಮಿಳಿನಲ್ಲಿ ಬೈದು, ಫೋನಿನಲ್ಲಿ ಹೆಂಡತಿಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದು ಕೇಳಿ ಅವಳ ಕಣ್ಣು ಅರಳಿತು.

“ಎಂತ ಸರ್, ನೀವು ಕನ್ನಡವಾ? ನಾನು ಆಗದಿಂದ ಗೂಗಲ್ಲಿನಲ್ಲಿ ತಮಿಳು ನೋಡಿ ನೋಡಿ ಮಾತಾಡ್ತಾ ಇದ್ದೆನಲ್ಲ.”

“ಕನ್ನಡವೇ ಅಮ್ಮಣಿ. ಆದ್ರೆ ರೇಟು ಎಲ್ಲಾ ಭಾಷೆಗೂ ಒಂದೇ,” ಎಂದೆ.

ಅವಳು ನಕ್ಕು, ಲ್ಯಾಪ್‌ಟಾಪು ತೆರೆದು ಆ ಬಿಯರಿನ ಜಾತಕವನ್ನೇ ಬಿಚ್ಚಿದಳು. ನಾನು ಬಸ್ಸಿಗೆ ಕಾಯುವ ಮುಖ ಇಟ್ಟುಕೊಂಡು ನೋಡಿದೆ. ಮೊದಲು ಇದನ್ನು ಶುರುಮಾಡಿದವನು ನೀಲಗಿರಿ ಬೆಟ್ಟದ ಮೇಲಿದ್ದ ಒಬ್ಬ ಬಿಳಿಯ. ಅಲ್ಲಿ ತಂಪು, ಒಳ್ಳೆಯ ನೀರು, ಬಾಯಾರಿದ ಸಿಪಾಯಿಗಳು. ಅವನ ಮನೆಯ ಮುಂದಿನ ಕೆರೆಗೆ ಬರುತ್ತಿದ್ದ ಕೊಕ್ಕರೆಯನ್ನೇ ಚಿತ್ರ ಬರೆಸಿ ಬಾಟಲಿಗೆ ಅಂಟಿಸಿದ. ಬಿಳಿಯರು ಹೊರಟಾಗ ನಮ್ಮವರೊಬ್ಬರು ಕಡಾಯಿ, ಪೀಪಾಯಿ, ಕೊಕ್ಕರೆ ಎಲ್ಲವನ್ನೂ ಒಟ್ಟಿಗೆ ಕೊಂಡರು. ಮದ್ಯ ನಿಷೇಧದ ಕಾಲದಲ್ಲಿ ಅದೇ ಜಾಗದಲ್ಲಿ ಸೋಡಾ, ಐಸು, ವಿನಿಗರ್ ಮಾಡಿ ಮಾರಿ, ಬಾಗಿಲು ಹಾಕದೆ ಉಳಿದುಕೊಂಡರು. ಇಲ್ಲಿ ನನಗೆ ಆ ಮನುಷ್ಯರ ಮೇಲೆ ಗೌರವ ಬಂತು. ಮಾಲು ಓಡದಿದ್ದಾಗ ಅಂಗಡಿ ಮುಚ್ಚುವವನು ವ್ಯಾಪಾರಿಯಲ್ಲ, ಗೋಣಿಚೀಲದಲ್ಲಿ ಏನಾದರೂ ತುಂಬಿ ಮಾರುವವನು ವ್ಯಾಪಾರಿ. ಆಮೇಲೆ ಬೆಟ್ಟ ಇಳಿದರು, ಒಂದೊಂದು ರಾಜ್ಯದಲ್ಲಿ ಒಂದೊಂದು ಕಾರ್ಖಾನೆ ಹಿಡಿದರು, ಹೆಸರು ದೇಶವೆಲ್ಲ ಹಬ್ಬಿತು, ಕೊನೆಗೆ ಯಾವುದೋ ದೊಡ್ಡ ವಿದೇಶಿ ಕಂಪನಿ ಎಲ್ಲವನ್ನೂ ನುಂಗಿತು.

“ಕಂಪನಿ ಬೆಳೀತಾ ಹೋದ ಹಾಗೆ ಹಕ್ಕಿ ಬಡವಾಯ್ತು ನೋಡಿ ಸರ್,” ಎಂದಳು ಜೆನಿಟಾ. ನಿಜ. ಒಂದೊಂದು ಕಾಲದ ಲೇಬಲ್ಲು ಸಾಲಾಗಿ ಇತ್ತು. ಮೊದಮೊದಲು ಗರಿಗರಿಯಾಗಿ ಬರೆದ ಹಕ್ಕಿ. ಬರುಬರುತ್ತ ಕೆರೆ ಹೋಯಿತು, ಗರಿ ಹೋಯಿತು, ರೆಕ್ಕೆ ಒಂದು ಗೆರೆಯಾಯಿತು. ಈಗಿನದರಲ್ಲಿ ಬರೀ ಕುತ್ತಿಗೆ, ಕೊಕ್ಕು.

“ಕಾಲು?”

“ಕಾಲು ಮುಚ್ಚಳದ ಒಳಗೆ ಉಂಟು. ಪುಟ್ಟದಾಗಿ ಪ್ರಿಂಟ್ ಮಾಡಿದ್ದಾರೆ. ಓಪನ್ ಮಾಡಿದವರಿಗೆ ಮಾತ್ರ ಗೊತ್ತಾಗ್ತದೆ. ಡಿಸೈನಿನವರ ಕುಶಾಲು.”

ಕೊನೆಗೆ ಅವಳು ಎಲ್ಲಕ್ಕಿಂತ ಮೊದಲಿನ ಲೇಬಲ್ಲು ತೋರಿಸಿದಳು. ಟೀ ಶರ್ಟಿನ ಮೇಲೆ ಬರಬೇಕಾದದ್ದು ಅದೇ. ಕಂಪನಿಯಲ್ಲಿ ಉಳಿದಿರುವುದು ಒಂದೇ ಪ್ರತಿ, ಅದನ್ನೂ ಹುಳು ತಿಂದಿತ್ತು. ಒಂದು ಕಾಲು ಎತ್ತಿ ನಿಂತ ಕೊಕ್ಕರೆ, ಕೆಳಗೆ ಮೂರು ಅಲೆ, ಪಕ್ಕದಲ್ಲಿ ಅರಳಿದ ತಾವರೆ. ತಲೆ ಇರಬೇಕಾದಲ್ಲಿ ತೂತು.

“ಬಾಯಲ್ಲಿ ಏನೋ ಹಿಡ್ಕೊಂಡಿದೆ, ತುದಿ ಸ್ವಲ್ಪ ಕಾಣ್ತದೆ. ಕೊಕ್ಕರೆ ಅಲ್ವಾ, ಮೀನೇ ಇರಬೇಕು. ನಿಮ್ಮ ಡಿಸೈನರ್ ಹತ್ರ ಮೀನು ಹಾಕಿ ಬರೆಸ್ತೀರಾ?”

“ಮೀನಲ್ಲ,” ಎಂದೆ ನಾನು. “ತೆನೆ.”

ಹೇಳಿದ್ದು ನನ್ನ ಬಾಯಿಯೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಜೆನಿಟಾ ನನ್ನನ್ನೇ ನೋಡುತ್ತಿದ್ದಳು. “ನಿಮಗೆ ಹೇಗೆ ಗೊತ್ತು ಸರ್?”

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮುಖ ಕೈಜಾರಿ ಕೆಳಗೆ ಬಿತ್ತು. ಏಕೆಂದರೆ ಆ ಎತ್ತಿದ ಕಾಲು, ಆ ಅಲೆ, ಆ ತಾವರೆ ಎಲ್ಲವನ್ನೂ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಪ್ರತಿ ವರ್ಷ ನೆಗಮಂನ ನಮ್ಮ ಚೌಡೇಶ್ವರಿ ಅಮ್ಮನಿಗೆ ಹಬ್ಬದ ದಿನ ಉಡಿಸುವ ಮೊದಲ ಸೀರೆ ನಮ್ಮ ಮನೆಯ ಮಗ್ಗದ್ದು. ಅದರ ಅಂಚಿನಲ್ಲಿ ಈ ಕೊಕ್ಕರೆಯೇ ಸಾಲುಗಟ್ಟಿ ನಿಂತಿರುತ್ತದೆ, ಬಾಯಲ್ಲಿ ಜೋಳದ ತೆನೆ ಕಚ್ಚಿಕೊಂಡು.

ಆ ಅಂಚಿಗೆ ಒಂದು ಕತೆಯೂ ಇತ್ತು. ಬರಗಾಲದಲ್ಲಿ ದಾರಿ ತಪ್ಪಿದ ನಮ್ಮ ಹಿರಿಯರಿಗೆ ಅಮ್ಮನೇ ಕೊಕ್ಕರೆಯ ಬಾಯಲ್ಲಿ ತೆನೆ ಕೊಟ್ಟು ಕಳಿಸಿ, ಇಂಥ ಕಡೆ ಕಾಳು ಇದೆ ಎಂದು ತೋರಿಸಿದಳು ಎಂದು. ಈ ಕತೆ ಮನೆಯಲ್ಲಿ ಎಷ್ಟಿತ್ತು, ನಾನು ಎಷ್ಟು ಸೇರಿಸಿದೆ ಎಂದು ಈಗ ಬಿಡಿಸಿ ಹೇಳಲು ಬರುವುದಿಲ್ಲ. ದೇವರ ಸೀರೆ ಬಿಟ್ಟು ಅದೇ ಅಂಚಿನ ಬೇರೆ ಸೀರೆಗಳನ್ನು ಕೊಯಮತ್ತೂರಿನ ಅಂಗಡಿಗಳಿಗೆ ಕೊಡಿಸುವವನು ನಾನೇ. ಕತೆ ಇದ್ದ ಸೀರೆ ಬೇಗ ಹೋಗುತ್ತದೆ.

ಗಾಬರಿ ಒಂದು ಕಡೆ ಇರುವಾಗಲೇ ವ್ಯಾಪಾರದ ತಲೆ ಇನ್ನೊಂದು ಕಡೆ ತಿರುಗತೊಡಗಿತ್ತು. ನಮ್ಮ ಅಂಚು ಹಳೆಯದು, ಅವರ ಬಾಟಲಿ ಆಮೇಲಿನದು. ನಮ್ಮ ಕಡೆಯವರು ಯಾರೋ ಬೆಟ್ಟ ಹತ್ತಿ ಆ ಬಿಳಿಯನ ಹೆಂಡತಿಗೆ ಸೀರೆ ಮಾರಿರಬೇಕು. ಅದನ್ನು ನೋಡಿ ಬರೆಸಿಕೊಂಡಿದ್ದಾನೆ. ಕೆರೆಯಂತೆ, ಕೊಕ್ಕರೆಯಂತೆ. ಅಂದಮೇಲೆ ಇಷ್ಟು ದೊಡ್ಡ ಕಂಪನಿ ನಿಂತಿರುವುದು ನಮ್ಮ ಮಗ್ಗದ ಹಕ್ಕಿಯ ಮೇಲೆ. ಕೂತು ಮಾತಾಡುವಂಥ ವಿಷಯ.

ಭಾನುವಾರ ಜೆನಿಟಾಳನ್ನು ಕಾರಿನಲ್ಲಿ ಕೂರಿಸಿಕೊಂಡು ನೆಗಮಂಗೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಬಾಡಿಗೆ ಮನೆಯ ಮುಂಗಡ ಹೇಗೆ ಇಳಿಸುವುದು, ಯಾವ ಸೋಪು ಹಾಕಿದರೆ ಹತ್ತಿ ಬಟ್ಟೆ ಬಾಳುತ್ತದೆ ಎಂದೆಲ್ಲ ಹೇಳಿದೆ. ಅವಳು ಪಾಪ ಹೂಂಗುಟ್ಟುತ್ತ ತೆಂಗಿನ ತೋಟ ನೋಡುತ್ತಿದ್ದಳು.

ಮನೆಯಲ್ಲಿ ಸಿದ್ದಮ್ಮತ್ತೆ ಕುಳಿಮಗ್ಗದಲ್ಲಿ ಕೂತಿದ್ದರು. ನನ್ನ ತಂದೆಯ ಅಕ್ಕ. ಎಂಬತ್ತು ದಾಟಿದೆ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವರು ಈ ಮಗ್ಗ ಬಿಟ್ಟು ಕದಲಿಲ್ಲ. ಬೇರೆ ಸೀರೆಗಳನ್ನು ಈಗ ಪಕ್ಕದ ಮನೆಯವರಿಂದ ನೇಯಿಸುತ್ತೇವೆ. ದೇವರ ಸೀರೆಗೆ ಮಾತ್ರ ಅತ್ತೆ ಇನ್ನೊಬ್ಬರ ಕೈ ಸೇರಿಸುವುದಿಲ್ಲ. ಹಬ್ಬ ಹತ್ತಿರ ಬಂದಿತ್ತು, ಆ ವರ್ಷದ ಸೀರೆ ಮಗ್ಗದ ಮೇಲೆ ಮುಗಿಯುತ್ತ ಬಂದಿತ್ತು. ಎದುರಿನ ಗೋಡೆಯಲ್ಲಿ ತಾತನ ಕಾಲದಿಂದ ಅಂಟಿಸಿದ ನೂಲಿನ ಚೀಟಿಗಳು. ಆಗೆಲ್ಲ ಮಿಲ್ಲಿನಿಂದ ಬರುವ ನೂಲಿನ ಕಟ್ಟಿನ ಮೇಲೆ ಬಣ್ಣದ ಚಿತ್ರದ ಚೀಟಿ ಇರುತ್ತಿತ್ತು. ಲಕ್ಷ್ಮಿ, ನವಿಲು, ರೈಲು, ಆನೆ. ನೇಕಾರರು ಅದನ್ನು ಕಿತ್ತು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಚೆಂದದ್ದನ್ನು ಸೀರೆಗೂ ಇಳಿಸುತ್ತಿದ್ದರು. ಗೋಡೆಗೆ ಸುಣ್ಣ ಹೊಡೆದು ಹೊಡೆದು ಈಗ ಅವು ನೆರಳಿನ ಹಾಗೆ ಕಾಣುತ್ತವೆ.

“ಏನ್ರಾ ನಾಗು, ಸೊಲ್ಲದೆ ಕೇಳದೆ ಬಂದ್ಬಿಟ್ಟೆ. ಯಾರು ಈ ಅಮ್ಮಣಿ? ಊಟ ಆಯ್ತಾ?”

“ಮಂಗಳೂರವರು ಅತ್ತೆ. ನಮ್ಮ ಅಂಚು ನೋಡೋಕೆ ಬಂದ್ರು.”

ಜೆನಿಟಾ ಚಪ್ಪಲಿ ಬಿಟ್ಟು ಒಳಗೆ ಬಂದು, ಕುಳಿಯ ಅಂಚಿನಲ್ಲಿ ಕೂತು, ಮಗ್ಗದ ಮೇಲಿನ ಹಕ್ಕಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಲ್ಯಾಪ್‌ಟಾಪಿನಲ್ಲಿದ್ದ ತೂತುಬಿದ್ದ ಲೇಬಲ್ಲನ್ನು ಅತ್ತೆಯ ಕಡೆ ತಿರುಗಿಸಿದಳು. ಅತ್ತೆಯ ಕೈ ಲಾಳಿಯ ದಾರದ ಮೇಲೆ ಹಾಗೇ ನಿಂತಿತು.

“ಅಜ್ಜಿ, ಇದನ್ನು ಮೊದಲು ಬರೆದದ್ದು ಯಾರು?”

ನಾನು ಗಂಟಲು ಸರಿಮಾಡಿಕೊಂಡೆ. “ಅದು ಅಮ್ಮಣಿ, ಒಂದಾನೊಂದು ಬರಗಾಲದಲ್ಲಿ ನಮ್ಮ ಹಿರಿಯರು...”

“ನೀನು ಸುಮ್ನಿರ್ರಾ,” ಎಂದರು ಅತ್ತೆ. “ಇಷ್ಟು ವರ್ಷದಲ್ಲಿ ಇದನ್ನ ಒಬ್ರು ಕೇಳ್ಲಿಲ್ಲ. ಎಷ್ಟಕ್ಕೆ ಕೊಡ್ತೀರಂತ ಮಾತ್ರ ಕೇಳಿದ್ರು. ಈ ಅಮ್ಮಣಿ ಕೇಳ್ತು, ಅದಕ್ಕೇ ಹೇಳ್ತೀನಿ.”

ಹೇಳಿದರು. ಅವರು ಆಗ ಸಣ್ಣ ಹುಡುಗಿ. ದೀಪದ ಎಣ್ಣೆ ಇಡಲು ಅಜ್ಜಿ ಹಳೇಸಾಮಾನಿನವನ ಹತ್ತಿರ ಒಂದು ಕಂದು ಬಾಟಲಿ ತೆಗೆದುಕೊಂಡರು. ತೊಳೆಯುವ ಕೆಲಸ ಇವರದು. ಬಾಟಲಿಯ ಮೈಮೇಲೆ ನೀಲಿ ಬಂಗಾರ ಬಣ್ಣದ ಹಕ್ಕಿ. ತೊಳೆದು ಹಾಳುಮಾಡಲು ಮನಸ್ಸಾಗದೆ ನೀರಲ್ಲಿ ನೆನೆಸಿ, ಹರಿಯದ ಹಾಗೆ ಬಿಡಿಸಿ, ನೂಲಿಗೆ ಹಾಕುವ ಗಂಜಿಯನ್ನೇ ಒಂದಿಷ್ಟು ಕದ್ದು ಗೋಡೆಯ ಚೀಟಿಗಳ ನಡುವೆ ಅಂಟಿಸಿದರು.

“ಅಪ್ಪ ಬಂದು ನೋಡ್ತು. ಏನಮ್ಮಣಿ, ಇದ್ಯಾವ ಮಿಲ್ಲಿಂದು ಅಂತ ಕೇಳ್ತು. ಗಂಜಿ ತೆಗೆದದ್ದಕ್ಕೆ ಹೊಡೀತಾರೆ ಅಂತ ಭಯ. ಹೊಸ ನೂಲು ಕಟ್ಟಲ್ಲಿತ್ತಪ್ಪಾ ಅಂದೆ. ಪೊಯ್ಯಿ ಹೇಳ್ದೆ ಅಮ್ಮಣಿ, ಶುದ್ಧ ಸುಳ್ಳು. ಅಪ್ಪ ಆ ಹಕ್ಕಿನ ನೋಡ್ತಾ ನಿಂತ್ಕೊಂಡ್ತು. ಆ ವರ್ಷ ಎಳೆ ಎಣಿಸಿ ಎಣಿಸಿ ಅದನ್ನೇ ಅಮ್ಮನ ಸೀರೆಗೆ ಏರಿಸ್ತು. ಊರೇ ಮೆಚ್ಚಿಕೊಳ್ತು. ಆಮೇಲೆ ನಾನು ಹೇಗೆ ಹೇಳಲಿ?”

“ಅದು ಕುಡಿಯೋ ಬಾಟ್ಲಿ ಅಂತ ಯಾವಾಗ ಗೊತ್ತಾಯ್ತು ಅಜ್ಜಿ?”

“ದೊಡ್ಡವಳಾದ ಮೇಲೆ. ಬೆಟ್ಟದ ಕಡೆಯಿಂದ ಬಂದ ಒಬ್ಬಮ್ಮ ಸೀರೆ ನೋಡಿ, ಇದು ಸಾರಾಯಿ ಕೊಕ್ಕಲ್ವಾ ಅಂತ ನಕ್ತು. ಅಪ್ಪ ಆಗ ತೀರ್ಕೊಂಡಿತ್ತು. ಪಾವಂ, ಮಿಲ್ಲಿನ ಚೀಟಿ ಅಂತಲೇ ನಂಬ್ಕೊಂಡು ಹೋಯ್ತು.”

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಬರಗಾಲ ಹೋಯಿತು, ಹಿರಿಯರು ಹೋದರು, ಬಿಳಿಯನ ಹೆಂಡತಿ ಹೋದಳು. ದೇವರಿಗೆ ಇಷ್ಟು ವರ್ಷ ನಾವು ಉಡಿಸಿದ್ದು ಬಿಯರ್ ಬಾಟಲಿಯ ಲೇಬಲ್ಲು. ಆ ಸೀರೆಗೆ ಕೈಮುಗಿದು ಅಡ್ಡಬಿದ್ದವರಲ್ಲಿ ನಾನೂ ಇದ್ದೇನೆ. ಶೆಡ್ಡು ಶುರುಮಾಡುವಾಗ ಮೊದಲ ಬನಿಯನ್ನನ್ನು ಆ ಸೀರೆಯ ಅಂಚಿಗೆ ಮುಟ್ಟಿಸಿ ತಂದವನು ನಾನು.

ಜೆನಿಟಾಳಿಗೆ ಮಾತ್ರ ಗಾಬರಿ ಏನೂ ಇರಲಿಲ್ಲ. ಅವಳ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಅಜ್ಜಿಯೂ ಒಂದು ಗ್ಲಾಸು ತೆಗೆದುಕೊಳ್ಳುತ್ತಾರಂತೆ. ಅತ್ತೆ ಅದನ್ನು ಕೇಳಿ ಮುಂದಕ್ಕೆ ಬಾಗಿ, ಬಹಳ ದಿನದ ಸಂಶಯವೊಂದನ್ನು ಕೇಳಿದರು.

“ಹೇಗಿರುತ್ತೆ ಅದು? ಸಿಹಿಯಾ?”

“ಇಲ್ಲ ಅಜ್ಜಿ, ಕಹಿ.”

“ಕಹಿಯಾ?” ಅತ್ತೆಗೆ ಸಿಟ್ಟೇ ಬಂತು. “ಇಷ್ಟು ಚೆಂದ ಹಕ್ಕಿ ಹಾಕಿ ಕಹಿನಾ ಮಾರೋದು? ನಾನು ಪಾನಕದ ಹಾಗೆ ಅಂದ್ಕೊಂಡಿದ್ದೆ.”

ಆಮೇಲೆ ಕೇಳಿದರು, ಈ ಚಿತ್ರ ಇಟ್ಟುಕೊಂಡು ನೀವೇನು ಮಾಡುತ್ತೀರಿ ಎಂದು. ಟೀ ಶರ್ಟಿನ ವಿಷಯ ಹೇಳಿದೆವು. ಅತ್ತೆ ಲಾಳಿಯನ್ನು ಪಕ್ಕಕ್ಕಿಟ್ಟರು.

“ಅಂದ್ರೆ ಊರೂರಲ್ಲೂ ಹಾಕ್ಕೊಂಡು ತಿರುಗ್ತಾರೆ. ನಮ್ಮ ಅಮ್ಮನ ಕೋಯಿಲಿಗೂ ಹಾಕ್ಕೊಂಡು ಬರ್ತಾರೆ. ಅಮ್ಮನ ಮೈಮೇಲೆ ಒಂದು, ಎದುರು ನಿಂತವನ ಎದೆ ಮೇಲೆ ಒಂದು.”

ಇಲ್ಲಿ ನನ್ನ ತಲೆ ಮತ್ತೆ ಕೆಲಸಕ್ಕೆ ಬಂತು. ಕಷ್ಟದಲ್ಲಿ ನಾನು ಬೇಗ ಯೋಚಿಸುತ್ತೇನೆ. “ಅತ್ತೆ, ಇದೊಂದು ವಿಷಯವೇ ಅಲ್ಲ. ಕಂಪನಿಯವರೇ ಮೀನು ಅಂತ ತಿಳಿದಿದ್ದಾರೆ. ಮೀನೇ ಹಾಕೋಣ. ಅವರದು ಮೀನಿನ ಕೊಕ್ಕರೆ, ನಮ್ಮದು ತೆನೆ ಕೊಕ್ಕರೆ. ಯಾರಿಗೂ ಗೊತ್ತಾಗಲ್ಲ. ಇಲ್ಲಿ ಇರೋದು ಮೂರು ಜನ.”

ಜೆನಿಟಾ ಆಗಲೆಂದು ತಲೆಯಾಡಿಸಿದಳು. ಅವಳಿಗೆ ಅತ್ತೆ ಅಷ್ಟರಲ್ಲಿ ಬೇಕಾದವರಾಗಿದ್ದರು.

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನೇ ಗಂಜಿ ಕದ್ದ ಮಗುವಾದೆ, ಕದ್ದವರು ಅವರೇ ಆದರೂ. “ಅದರ ಬಾಯಲ್ಲಿ ಇಲ್ಲದ್ದನ್ನ ಯಾಕ್ರಾ ಇಡೋದು? ನಾನು ಒಂದು ಪೊಯ್ಯಿ ಹೇಳಿ ಇಷ್ಟು ವರ್ಷ ಹೊತ್ಕೊಂಡಿದ್ದು ಸಾಲ್ದಾ? ಇಲ್ಲಿ ನೋಡು.” ಮಗ್ಗದ ಮೇಲಿನ ಹಕ್ಕಿಯನ್ನು ಬೆರಳಿನಲ್ಲಿ ತೋರಿಸಿದರು. “ಆ ಚೀಟಿನಲ್ಲಿ ಹಕ್ಕಿ ಕುತ್ತಿಗೆ ಎತ್ತಿ ಆಚೆ ನೋಡ್ತಿತ್ತು. ತೆನೆ ಮೇಲಕ್ಕೆ. ಅಪ್ಪ ಹಾಗೇ ನೇಯ್ತಿತ್ತು. ವಿಷಯ ಗೊತ್ತಾದ ಮೇಲೆ ನಾನು ಅದನ್ನ ಬಿಡೋಕಾಗ್ಲಿಲ್ಲ, ಹಾಗೇ ಇಡೋಕೂ ಆಗ್ಲಿಲ್ಲ. ದಾರ ಎಲ್ಲಾ ಬಿಚ್ಚಿ ತಿರುಗಿಸಿ ಕಟ್ದೆ. ಈಗ ತಲೆ ಬಗ್ಗಿಸಿದೆ, ನೋಡು. ತೆನೆ ಕೆಳಕ್ಕೆ. ಕಚ್ಕೊಂಡು ಹೋಗ್ತಿದ್ದದ್ದು, ಈಗ ತಂದಿಡ್ತಾ ಇದೆ.”

ನಾನು ಎದ್ದು ಹೋಗಿ ನೋಡಿದೆ. ಇಷ್ಟು ಸೀರೆ ಮಾರಿದವನು, ಇಷ್ಟು ಕತೆ ಹೇಳಿದವನು, ಹಕ್ಕಿಯ ತಲೆ ಎತ್ತ ಇದೆ ಎಂದು ಅವತ್ತೇ ಮೊದಲು ನೋಡಿದ್ದು. ಸೀರೆ ಉಡಿಸಿದಾಗ ಅಂಚಿನ ಸಾಲು ಸಾಲು ಹಕ್ಕಿಗಳು ಅಮ್ಮನ ಪಾದದ ಹತ್ತಿರ ತೆನೆ ಇಡುತ್ತಿರುತ್ತವೆ.

“ಎಜಮಾನರಿಗೆ ನಾನೇ ಹೇಳ್ತೀನಿ,” ಎಂದರು ಅತ್ತೆ. “ಹೇಳಿದ ಮೇಲೂ ಬೇಕು ಅಂದ್ರೆ ಸೀರೆ ಏರಲಿ. ಬೇಡ ಅಂದ್ರೆ ಮಗ್ಗ ಇಳಿಸ್ತೀನಿ. ಈ ಅಮ್ಮಣಿಗೆ ಆ ಹಳೇ ಚಿತ್ರ ಹೇಗಿತ್ತೋ ಹಾಗೆ ಬರೆಸಿ ಕೊಡು. ತೆನೆ ಮೇಲಕ್ಕೆ. ಬಗ್ಗಿದ್ದು ನಮ್ಮದು, ಅದನ್ನ ಕೊಡಬೇಡ.”

“ಬರೆಸಿ ಕೊಡೋದಕ್ಕೆ ಕಂಪನಿಯಿಂದ ಏನಾದ್ರೂ...”

“ಕೇಳದೆ ತಗೊಂಡದ್ದಕ್ಕೆ ನಾವೇನು ಕೊಟ್ವಿ? ಸುಮ್ನೆ ಕೊಡು.”

ಆ ದಿನದ ಗಾಬರಿಗಳಲ್ಲಿ ಇದೇ ನನಗೆ ಬಹಳ ದಿನ ಉಳಿದದ್ದು.

ಎಜಮಾನರು ಎಂದರೆ ನಮ್ಮ ದೇವಸ್ಥಾನದ ಹಿರಿಯರಾದ ರಾಮಣ್ಣನವರು. ಆರಡಿ ಎತ್ತರ, ಅದಕ್ಕೆ ಸರಿಯಾದ ಸುತ್ತಳತೆ, ಮಡಿಕೆ ಮುರಿಯದ ಬಿಳಿ ಪಂಚೆ. ಕುಡಿದು ಬಂದವನು ಮಂಟಪದ ಮೆಟ್ಟಿಲು ಹತ್ತಿದರೆ ಎಷ್ಟೇ ದೊಡ್ಡವನಿರಲಿ ಇಳಿಸುವವರು. ಹೋದ ಹಬ್ಬದಲ್ಲಿ ತಮ್ಮ ಅಳಿಯನನ್ನೇ ಇಳಿಸಿದ್ದರು. ಅವರ ಮುಂದೆ ನಿಂತು ಈ ಮಾತು ಹೇಳುವುದೆಂದರೆ ನನಗೆ ಬೆವರು. ಸೀರೆ ಮುಗಿದು ಮಗ್ಗದಿಂದ ಇಳಿದ ದಿನ, ದೇವಸ್ಥಾನದ ದಾರಿಯಲ್ಲಿ ಅತ್ತೆಗೆ ಮತ್ತೊಮ್ಮೆ ಹೇಳಿನೋಡಿದೆ. ಹಬ್ಬ ಮುಗಿಯಲಿ, ಆಮೇಲೆ ಒಬ್ಬರೇ ಸಿಕ್ಕಾಗ ಹೇಳಬಹುದು, ಕೆಟ್ಟ ಸುದ್ದಿಯನ್ನು ಊಟದ ನಂತರ ಹೇಳಬೇಕು. ಅತ್ತೆ ಸೀರೆಯ ಗಂಟನ್ನು ಎದೆಗೊತ್ತಿಕೊಂಡು ನಡೆಯುತ್ತಲೇ ಇದ್ದರು.

ಸಂಜೆಯ ಹೊತ್ತು. ಮಂಟಪದಲ್ಲಿ ಎಜಮಾನರ ಜೊತೆ ಏಳೆಂಟು ಮಂದಿ ಹಬ್ಬದ ಕೆಲಸ ಹಂಚಿಕೊಳ್ಳುತ್ತಿದ್ದರು. ಅತ್ತೆ ಸೀರೆಯನ್ನು ಅವರ ಮುಂದೆ ಬಿಡಿಸಿಟ್ಟು, ಪಕ್ಕದಲ್ಲಿ ನಾನು ಪ್ರಿಂಟು ತೆಗೆಸಿದ ಆ ಹಳೆಯ ಲೇಬಲ್ಲನ್ನು ಇಟ್ಟು, ನೆನೆಸಿದ ಬಾಟಲಿಯಿಂದ ಹಿಡಿದು ತಿರುಗಿಸಿ ಕಟ್ಟಿದ ದಾರ, ಈಗ ಬರಲಿರುವ ಟೀ ಶರ್ಟಿನವರೆಗೆ ಒಂದೂ ಬಿಡದೆ ಹೇಳಿದರು. ಅಷ್ಟು ಹೇಳಿ ಕಂಬಕ್ಕೆ ಒರಗಿ ಕೂತರು.

ಮೊದಲು ಬಾಯಿಬಿಟ್ಟವರು ಪಕ್ಕದ ಬೀದಿಯ ಒಬ್ಬ ಹಿರಿಯರು. “ಇದೆಂಥ ಅನ್ಯಾಯ. ಸಾರಾಯಿ ಬಾಟ್ಲಿ ಕೊಕ್ಕನ್ನ ಅಮ್ಮನಿಗೆ ಉಡಿಸೋದಾ? ತಿಳಿಯದೆ ಆದದ್ದು ಆಯ್ತು. ತಿಳಿದ ಮೇಲೆ ಹೇಗೆ ಉಡಿಸ್ತೀರಿ? ಈ ವರ್ಷ ಬೇರೆ ಮನೆ ಸೀರೆ ನೋಡಿ ಎಜಮಾನರೇ.” ಇನ್ನಿಬ್ಬರು ಹೌದು ಹೌದು ಎಂದರು. ಅತ್ತೆ ತಲೆಯೆತ್ತಲಿಲ್ಲ. ಸೀರೆಯನ್ನು ಮಡಿಸಲು ಕೈ ಮುಂದೆ ಹೋಯಿತು.

ಎಜಮಾನರು ಆ ಕೈಯನ್ನು ನೋಡಿದರು. ಬಗ್ಗಿ ಸೀರೆಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮದುವೆಯ ಪಂಚೆ ನೇಯ್ದದ್ದೂ ಅತ್ತೆಯೇ.

“ಸಾರಾಯಿ ಕೊಕ್ಕು ಅಂತ ಯಾರು ಹೇಳಿದ್ದು?” ಎಂದು ಗುಡುಗಿದರು. “ಎಲ್ಲಿದೆ ಅದು ಇದರಲ್ಲಿ? ಇದಕ್ಕೆ ಗರಿ ಇದೆ, ರೆಕ್ಕೆ ಇದೆ, ಬಾಯಲ್ಲಿ ತೆನೆ ಇದೆ, ನೆಟ್ಟಗೆ ಕಾಲಿದೆ. ಆ ಬಾಟ್ಲಿ ಹಕ್ಕಿಗೆ ಏನಿದೆ? ಬರೀ ಕುತ್ತಿಗೆ. ಕಾಲು ತಗೊಂಡ್ಹೋಗಿ ಮುಚ್ಚಳದ ಒಳಗಡೆ ಹಾಕಿದ್ದಾರೆ. ಅದು ಬೇರೆ, ಇದು ಬೇರೆ.”

ಯಾರೋ ಒಬ್ಬರು ಕೆಮ್ಮಿದರು.

‘ಓಪನ್ ಮಾಡಿದವರಿಗೆ ಮಾತ್ರ ಗೊತ್ತಾಗ್ತದೆ’ ಎಂಬ ಜೆನಿಟಾಳ ಮಾತು ಕಿವಿಯಲ್ಲಿ ಹಾಗೇ ಇತ್ತು. ನನಗೊಬ್ಬನಿಗೇ ತಿಳಿದದ್ದು ಎಂದುಕೊಂಡು ಸುತ್ತ ನೋಡಿದರೆ, ಬೇರೆ ಮನೆ ಸೀರೆ ಎಂದ ಹಿರಿಯರು ಇದ್ದಕ್ಕಿದ್ದಂತೆ ಚಾವಣಿಯ ಗುಬ್ಬಿಗೂಡು ನೋಡುತ್ತಿದ್ದರು. ಹೌದು ಹೌದು ಎಂದ ಇಬ್ಬರು ತಮ್ಮ ತಮ್ಮ ಮೊಬೈಲು ನೋಡುತ್ತಿದ್ದರು. ಆ ಮುಚ್ಚಳದ ಒಳಗಿನ ಕಾಲು ಅಲ್ಲಿದ್ದ ಎಷ್ಟು ಮಂದಿಗೆ ಪರಿಚಯ ಎಂದು ಲೆಕ್ಕ ಹಾಕುವ ಧೈರ್ಯ ನನಗೆ ಬರಲಿಲ್ಲ. ಎಜಮಾನರ ಮುಖ ನಿಧಾನವಾಗಿ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತ ಹೋಯಿತು.

“ಮುಚ್ಚಳದ ಒಳಗಾ?” ಎಂದರು ಅತ್ತೆ. “ಕಾಲನ್ನ ಯಾಕಪ್ಪಾ ಅಲ್ಲಿಟ್ರು?”

ಅತ್ತೆ ತಿಳಿದು ಕೇಳಿದರೋ ತಿಳಿಯದೆ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಯಾರೋ ಹೇಳಿದ್ರು ಅಕ್ಕಾ,” ಎಂದರು ಎಜಮಾನರು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಎಂದಿನ ದನಿ ತಂದುಕೊಂಡು, “ಸೀರೆ ಒಳಗೆ ತಗೊಂಡ್ಹೋಗಿ. ಹೊತ್ತಾಯ್ತು,” ಎಂದರು.

ಹಬ್ಬದ ದಿನ ಅಮ್ಮನಿಗೆ ಆ ಸೀರೆಯನ್ನೇ ಉಡಿಸಿದರು. ಪ್ರತಿ ವರ್ಷ ಅತ್ತೆ ಹಿಂದಿನ ಕಂಬದ ಮರೆಯಲ್ಲಿ ನಿಂತು ಕೈಮುಗಿದು ಬೇಗ ಮನೆಗೆ ಹೋಗುತ್ತಿದ್ದರು. ವಯಸ್ಸಾಯಿತು, ಜನ ಜಾಸ್ತಿ, ಅದಕ್ಕೇ ಎಂದು ನಾವೆಲ್ಲ ತಿಳಿದಿದ್ದೆವು. ಆ ವರ್ಷ ಹಬ್ಬಕ್ಕೆ ಬಂದಿದ್ದ ಜೆನಿಟಾಳ ಕೈ ಹಿಡಿದು ಎಲ್ಲರಿಗಿಂತ ಮುಂದೆ ಬಂದು ನಿಂತರು. ಮಂಗಳಾರತಿ ಮುಗಿದು ಜನ ಕರಗಿದರೂ ಕದಲಲಿಲ್ಲ. ತಾವು ನೇಯ್ದ ಅಂಚನ್ನು ಅಮ್ಮನ ಪಾದದ ಹತ್ತಿರ ಅಷ್ಟು ಸಮೀಪದಿಂದ ಅವರು ನೋಡುತ್ತಿದ್ದುದು ಅದೇ ಮೊದಲು.

ನಾನು ಚಪ್ಪಲಿ ಹುಡುಕುತ್ತಿದ್ದಾಗ ಹಿಂದಿನಿಂದ ಒಂದು ದೊಡ್ಡ ನೆರಳು ನನ್ನ ಮೇಲೆ ಬಿತ್ತು. ಎಜಮಾನರು. ಸುತ್ತ ಒಮ್ಮೆ ನೋಡಿ, ಬಗ್ಗಿ, ಕಿವಿಯ ಹತ್ತಿರ ಬಂದರು.

“ಆ ಶರ್ಟು... ನನಗೊಂದು ಎತ್ತಿಡು. ದೊಡ್ಡ ಸೈಜು.”

ಟೀ ಶರ್ಟುಗಳೆಲ್ಲ ತಲೆಯೆತ್ತಿದ ಹಕ್ಕಿಯೊಂದಿಗೆ ಪೆಟ್ಟಿಗೆ ಸೇರಿ ದೇಶದ ಎಲ್ಲ ಕಡೆ ಹೋದವು. ಕಡೆಯ ದಿನ, ಟೇಬಲ್ಲು ತೊಳೆಯುವ ಮೊದಲು, ಅತ್ತೆಗೆ ಫೋನು ಮಾಡಿ ಎಜಮಾನರ ಬೇಡಿಕೆ ಹೇಳಿ, ಒಂದು ಮಾತು ಕೇಳಿದೆ. ಅತ್ತೆ ಆ ಕಡೆ ನಕ್ಕರು. ಅಷ್ಟು ದೊಡ್ಡದಾಗಿ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ.

“ಅವನಿಗೆ ತಾನೇ? ಹಾಕ್ಕೊಡು. ಅವನು ನಮ್ಮವನು.”

ಹಾಗಾಗಿ ಡ್ರಾಯರಿನಲ್ಲಿರುವ ಈ ಟೀ ಶರ್ಟನ್ನು ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಅಷ್ಟು ಮಾಲಿನಲ್ಲಿ ಇದೊಂದರ ಮೇಲೆ ಮಾತ್ರ ಹಕ್ಕಿ ತಲೆ ಬಗ್ಗಿಸಿ, ತೆನೆಯನ್ನು ಕೆಳಗಿಡುತ್ತಿದೆ.